ಬಾಯಿಯ ಅಂಗಗಳು: ಅವುಗಳ ಹೆಸರು ಮತ್ತು ಕೆಲಸ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ಪ್ರಚಲಿತವಾಗಿದೆ. ಊಟ ಮತ್ತು ಮಾತು ಇವೆರಡೂ ನಡೆಯುವ ತಾಣ ಒಂದೇ, ಅದು ಬಾಯಿ. ದೇಹವನ್ನು ಪೋಷಿಸುವ ಅನ್ನವು ಒಳಹೋಗುವುದೂ ಮನಸ್ಸನ್ನು ತಿಳಿಸುವ ನುಡಿಯು ಹೊರಬರುವುದೂ ಇದರ ಮೂಲಕವೇ. ಆದರೂ ಈ ಬಾಯಿಯೊಳಗೆ ಏನೇನಿವೆ, ಯಾವುದಕ್ಕೆ ಏನು ಹೆಸರು ಎಂದು ಕೇಳಿದರೆ ಓದುಬರಹ ಬಲ್ಲವರೂ ತುಟಿ, ಹಲ್ಲು, ನಾಲಿಗೆ ಎಂಬ ಮೂರು ಹೆಸರುಗಳಿಗೆ ನಿಂತುಬಿಡುವುದುಂಟು. ಹೆಸರು ತಿಳಿಯದಿದ್ದರೆ ಆಗುವ ನಷ್ಟವೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವಾಗಿ ಹೊನ್ನಾವರದ ನಮ್ಮ ಕೇರಿಯಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ನಿವೇದಿಸುವೆನು.

ನಮ್ಮ ನೆರೆಯಲ್ಲಿ ಹಿರಿಯ ತೋಟಗಾರರೊಬ್ಬರಿದ್ದಾರೆ. ಹೊಗೆಸೊಪ್ಪು ಸೇರಿಸಿದ ಕವಳವನ್ನು ದಿನಕ್ಕೆ ಹತ್ತಾರು ಬಾರಿ ಹಾಕುವುದು ಅವರ ಬಹುಕಾಲದ ರೂಢಿಯಾಗಿತ್ತು. ಒಂದು ಮಳೆಗಾಲದಲ್ಲಿ ಅವರಿಗೆ ಎಡಗೆನ್ನೆಯ ಕಡೆ ಉರಿ ಆರಂಭವಾಯಿತು. ಕೇಳಿದವರಿಗೆಲ್ಲ ‘ದವಡೆಹಲ್ಲು ನೋವು’ ಎಂದರು. ಲವಂಗದ ಎಣ್ಣೆ, ಉಪ್ಪುನೀರು, ನೋವಿನ ಮಾತ್ರೆ ಇವುಗಳಲ್ಲಿ ನಾಲ್ಕೈದು ತಿಂಗಳು ಕಳೆದವು. ಕೊನೆಗೆ ಹಲ್ಲು ಕೀಳಿಸಿಬಿಡೋಣವೆಂದು ಹೊರಟಾಗ ನಾನೂ ಜೊತೆಗಿದ್ದೆ. ವೈದ್ಯರು, “ನೋವು ಹಲ್ಲಿನಲ್ಲೋ, ವಸಡಿನಲ್ಲೋ, ಕೆನ್ನೆಯ ಒಳಮೈಯಲ್ಲೋ?” ಎಂದು ವಿಚಾರಿಸಿದರು. ಹಿರಿಯರು ಉತ್ತರ ಕೊಡದೆ ಅಂಗೈಯನ್ನು ಕೆನ್ನೆಯ ಮೇಲಿಟ್ಟು ತೋರಿಸಿದರು. ಬಾಯಿ ತೆರೆಸಿ ನೋಡಿದಾಗ ಹಲ್ಲು ಗಟ್ಟಿಯಾಗಿಯೇ ಇತ್ತು. ಕವಳದ ಮುದ್ದೆಯನ್ನು ಇಟ್ಟುಕೊಳ್ಳುತ್ತಿದ್ದ ಕೆನ್ನೆಯ ಸಂದಿನಲ್ಲಿ ಗಡುಸಾದ ಹುಣ್ಣೊಂದು ಕಾಣಿಸಿತು. ಅದು ಅರ್ಬುದವೆಂದು ಪರೀಕ್ಷೆಯಿಂದ ತಿಳಿದುಬಂತು. ಶಸ್ತ್ರಚಿಕಿತ್ಸೆಯಾಗಿ ಅವರು ಬದುಕಿದರು; ಆದರೆ ದವಡೆಯ ಒಂದು ಭಾಗವನ್ನು ಕಳೆದುಕೊಂಡರು. ಚೇತರಿಸಿಕೊಂಡ ಮೇಲೆ ಒಂದು ದಿನ, “ಮಾಸ್ತರೇ, ಆ ಜಾಗವೇ ಬೇರೆ, ಹಲ್ಲೇ ಬೇರೆ ಎಂದು ನನಗೆ ಹೊಳೆಯಲೇ ಇಲ್ಲ” ಎಂದರು. ಅಂದಿನಿಂದ ಈ ಲೇಖನವನ್ನು ಬರೆಯಬೇಕೆಂಬ ಸಂಕಲ್ಪ ನನ್ನಲ್ಲಿ ಉಳಿದುಬಂದಿದೆ.

ವರ್ಣಮಾಲೆಯೇ ಬಾಯಿಯ ನಕ್ಷೆ

ಬಾಯಿಯ ಅಂಗಗಳನ್ನು ತಿಳಿಯಲು ದೊಡ್ಡ ಗ್ರಂಥ ಬೇಕಿಲ್ಲ. ಬಾಲ್ಯದಲ್ಲಿ ನಾವೆಲ್ಲರೂ ಕಲಿತ ವರ್ಣಮಾಲೆಯಲ್ಲಿಯೇ ಅದರ ನಕ್ಷೆ ಅಡಗಿದೆ. ವರ್ಗೀಯ ವ್ಯಂಜನಗಳ ಐದು ಸಾಲುಗಳನ್ನು ನಮ್ಮ ವ್ಯಾಕರಣಕಾರರು ಅಕಾರಣವಾಗಿ ಜೋಡಿಸಲಿಲ್ಲ. ಉಸಿರು ಬಾಯಿಯಲ್ಲಿ ಎಲ್ಲಿ ತಡೆಯಲ್ಪಡುತ್ತದೆಯೋ ಆ ಸ್ಥಾನವನ್ನು ಅನುಸರಿಸಿ, ಒಳಗಿನಿಂದ ಹೊರಗಿನ ಕಡೆಗೆ, ಗಂಟಲಿನಿಂದ ತುಟಿಯವರೆಗೆ ಅವುಗಳನ್ನು ಕ್ರಮಪಡಿಸಿದರು.

ವಾಚಕರು ಈಗಲೇ ಮೆಲ್ಲಗೆ ಉಚ್ಚರಿಸಿ ನೋಡಬಹುದು. ‘ಕ’ ಎನ್ನುವಾಗ ನಾಲಿಗೆಯ ಹಿಂಭಾಗವು ಮೇಲೆದ್ದು ಮೆದು ಅಂಗುಳವನ್ನು ಮುಟ್ಟುತ್ತದೆ, ಇದು ಕಂಠ್ಯ. ‘ಚ’ ಎನ್ನುವಾಗ ನಾಲಿಗೆಯ ನಡುಭಾಗ ಗಟ್ಟಿ ಅಂಗುಳಕ್ಕೆ ತಾಗುತ್ತದೆ, ಇದು ತಾಲವ್ಯ. ‘ಟ’ ಎನ್ನುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಿಚಿಕೊಂಡು ಬಾಯಿಯ ಮಾಡಿಗೆ ತಗಲುತ್ತದೆ, ಇದು ಮೂರ್ಧನ್ಯ. ‘ತ’ ಎನ್ನುವಾಗ ತುದಿನಾಲಿಗೆಯು ಮೇಲಿನ ಮುಂದಿನ ಹಲ್ಲುಗಳ ಹಿಂಬದಿಗೆ ತಾಗುತ್ತದೆ, ಇದು ದಂತ್ಯ. ‘ಪ’ ಎನ್ನುವಾಗ ಎರಡು ತುಟಿಗಳು ಕೂಡುತ್ತವೆ, ಇದು ಓಷ್ಠ್ಯ. ‘ವ’ಕಾರಕ್ಕೆ ಕೆಳದುಟಿಯೂ ಮೇಲಿನ ಹಲ್ಲೂ ಎರಡೂ ಬೇಕಾಗಿರುವುದರಿಂದ ಅದನ್ನು ದಂತೋಷ್ಠ್ಯವೆಂದು ಕರೆದರು. ಙ, ಞ, ಣ, ನ, ಮ ಎಂಬ ಅನುನಾಸಿಕಗಳಲ್ಲಿ ಮೆದು ಅಂಗುಳವು ಕೆಳಗಿಳಿದು ಉಸಿರಿಗೆ ಮೂಗಿನ ದಾರಿಯನ್ನು ಬಿಟ್ಟುಕೊಡುತ್ತದೆ.

ಮುಂದಿನ ಹಲ್ಲುಗಳು ಬಿದ್ದುಹೋದವರ ಬಾಯಲ್ಲಿ ‘ತ’ ಮತ್ತು ‘ಸ’ ತೊದಲುವುದೇಕೆಂದು ಈಗ ಸುಲಭವಾಗಿ ತಿಳಿಯುತ್ತದೆ. ನಾಲಿಗೆಗೆ ಒರಗಲು ಗೋಡೆಯಿಲ್ಲ; ಉಸಿರಿಗೆ ಹರಿಯಲು ಅಂಚಿಲ್ಲ. ವಚನವೆಂಬ ಪದಕ್ಕೆ ಮೂಲಾರ್ಥ ನುಡಿ ಎಂದೇ. ವಚನಗಳನ್ನು ನಿತ್ಯ ಓದುವ ಹಿರಿಯರು ಹಲ್ಲು ಹೋದ ಮೇಲೆ ಓದಿನಲ್ಲಿ ಹಿಂದೆ ಸರಿಯುವುದನ್ನು ನಾನು ಕಂಡಿದ್ದೇನೆ. ಹಲ್ಲು ಅಗಿಯುವುದಕ್ಕೆ ಮಾತ್ರವೆಂಬ ಭಾವನೆ ಸರಿಯಲ್ಲ.

ಬಾಯಿಯ ಒಳಾಂಗಣ

ಬಾಯಿಯನ್ನು ಒಂದು ಮನೆಯೆಂದು ಭಾವಿಸಿದರೆ ತುಟಿಗಳು ಅದರ ಬಾಗಿಲು. ಕೆನ್ನೆಗಳು ಅಕ್ಕಪಕ್ಕದ ಗೋಡೆಗಳು. ಕೆನ್ನೆ ಅಥವಾ ತುಟಿಗೂ ಹಲ್ಲುಸಾಲಿಗೂ ನಡುವೆ ಸುತ್ತಲೂ ಇರುವ ಇಕ್ಕಟ್ಟಾದ ಸಂದು ಆ ಮನೆಯ ಜಗಲಿಯಂತಿದೆ. ಶುಚಿಗೊಳಿಸುವಾಗಲೂ ಪರೀಕ್ಷಿಸುವಾಗಲೂ ನಾವು ಮರೆಯುವ ಜಾಗವಿದು. ಕವಳವನ್ನು ಇರಿಸಿಕೊಳ್ಳುವುದೂ ಇಲ್ಲಿಯೇ.

ಬಾಯಿಯ ಮಾಡೇ ಅಂಗುಳ. ಇದರ ಮುಂಭಾಗದೊಳಗೆ ಎಲುಬು ಇರುವುದರಿಂದ ಗಟ್ಟಿ ಅಂಗುಳವೆಂದೂ, ಹಿಂಭಾಗದಲ್ಲಿ ಎಲುಬಿಲ್ಲದೆ ಮಾಂಸಖಂಡಗಳು ಮಾತ್ರ ಇರುವುದರಿಂದ ಮೆದು ಅಂಗುಳವೆಂದೂ ಹೆಸರು. ಮೆದು ಅಂಗುಳದ ನಡುವೆ ಕೆಳಕ್ಕೆ ಜೋಲುವ ಸಣ್ಣ ತುಣುಕು ಕಿರುನಾಲಿಗೆ. ನುಂಗುವಾಗ ಮೆದು ಅಂಗುಳವು ಕಿರುನಾಲಿಗೆಯೊಡನೆ ಮೇಲೆದ್ದು, ಅನ್ನವು ಮೂಗಿನ ಕಡೆ ಹೋಗದಂತೆ ತಡೆಯುತ್ತದೆ. ಅದರ ಎರಡು ಪಕ್ಕಗಳಲ್ಲಿ ಕಾಣುವ ಉಂಡೆಗಳೇ ಟಾನ್ಸಿಲ್‌ಗಳು.

ನಾಲಿಗೆಯು ಮಾಂಸಖಂಡಗಳಿಂದಾದ ಅಂಗ. ಅದನ್ನು ಮೇಲೆತ್ತಿ ನೋಡಿದರೆ ಅಡಿಯಲ್ಲಿ ತೆಳುವಾದ ಒಂದು ಪಟ್ಟಿ ಬಾಯಿಯ ತಳಕ್ಕೆ ಕಟ್ಟಿದಂತೆ ಕಾಣುತ್ತದೆ. ಕೆಲವು ಶಿಶುಗಳಲ್ಲಿ ಈ ಪಟ್ಟಿ ಗಿಡ್ಡವಾಗಿದ್ದು ಮೊಲೆಯೂಡಲು ತೊಡಕಾಗುವುದುಂಟು. ನಾಲಿಗೆಯ ಮೇಲ್ಮೈಯಲ್ಲಿ ರುಚಿಮೊಗ್ಗುಗಳಿವೆ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ ಎಂದು ನಾಲಿಗೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಅನೇಕ ವರ್ಷ ಮಕ್ಕಳಿಗೆ ಕಲಿಸಿದ್ದೇನೆ. 1901ರಲ್ಲಿ ಪ್ರಕಟವಾದ ಜರ್ಮನ್ ಸಂಶೋಧನೆಯೊಂದನ್ನು ಮುಂದಿನವರು ತಪ್ಪಾಗಿ ಗ್ರಹಿಸಿದ್ದರ ಫಲವೇ ಆ ಚಿತ್ರ. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಅರಿಯಬಲ್ಲವು. ಒಂದು ಹರಳು ಉಪ್ಪನ್ನು ನಾಲಿಗೆಯ ಬೇರೆ ಬೇರೆ ಕಡೆ ಇಟ್ಟು ನೋಡಿದ್ದರೆ ತರಗತಿಯಲ್ಲಿಯೇ ಸತ್ಯ ತಿಳಿಯುತ್ತಿತ್ತು.

ಬಾಯಿಗೆ ನೀರೂಡುವವು ಲಾಲಾಗ್ರಂಥಿಗಳು. ದೊಡ್ಡವು ಮೂರು ಜೊತೆ: ಕಿವಿಯ ಮುಂದೆ ಒಂದು, ಕೆಳದವಡೆಯ ಅಡಿಯಲ್ಲಿ ಒಂದು, ನಾಲಿಗೆಯ ಅಡಿಯಲ್ಲಿ ಒಂದು. ಮಂಗಬಾವಿನಲ್ಲಿ ಊದಿಕೊಳ್ಳುವುದು ಮುಖ್ಯವಾಗಿ ಕಿವಿಯ ಮುಂದಿನ ಜೊತೆ. ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಉತ್ಪನ್ನವಾಗುತ್ತದೆ. ನಾವು ಅಸಹ್ಯಪಡುವ ಈ ಎಂಜಲು ಹಲ್ಲಿನ ಪರಮಮಿತ್ರ. ಅದು ಆಹಾರದ ಕಣಗಳನ್ನು ತೊಳೆಯುತ್ತದೆ, ಆಮ್ಲವನ್ನು ಶಮನಗೊಳಿಸುತ್ತದೆ, ಹಲ್ಲಿನ ಮೈ ಕಳೆದುಕೊಂಡ ಖನಿಜವನ್ನು ಸ್ವಲ್ಪಮಟ್ಟಿಗೆ ಮರಳಿ ಕೊಡುತ್ತದೆ. ಮುಪ್ಪಿನಲ್ಲಿ ಕೆಲವು ಔಷಧಗಳಿಂದ ಬಾಯಿ ಒಣಗಿದವರಿಗೆ ಹಲ್ಲು ಬೇಗ ಹುಳುಕಾಗುವುದು ಈ ಕಾರಣದಿಂದಲೇ.

ಹಲ್ಲುಗಳ ಜಾತಿ ಮತ್ತು ಲೆಕ್ಕ

ಹಳಗನ್ನಡದಲ್ಲಿ ‘ಪಲ್’ ಎಂದಿದ್ದುದು ಪಕಾರವು ಹಕಾರವಾದಾಗ ‘ಹಲ್ಲು’ ಆಯಿತು. ತಮಿಳು, ಮಲೆಯಾಳಗಳಲ್ಲಿ ಇಂದಿಗೂ ಪಕಾರ ಉಳಿದಿದೆ. ಹೊನ್ನಾವರದ ಪೇಟೆಯಲ್ಲಿ ಕನ್ನಡದ ಪಕ್ಕದಲ್ಲಿಯೇ ಕೇಳಿಬರುವ ಕೊಂಕಣಿಯ ‘ದಾಂತ್’ ಶಬ್ದವು ಸಂಸ್ಕೃತದ ‘ದಂತ’ದ ಮನೆತನಕ್ಕೆ ಸೇರಿದುದು.

ಮನುಷ್ಯನಿಗೆ ಎರಡು ಬಾರಿ ಹಲ್ಲು ಬರುತ್ತದೆ. ಮೊದಲಿನವು ಹಾಲುಹಲ್ಲುಗಳು. ಶಿಶುವಿಗೆ ಸುಮಾರು ಆರು ತಿಂಗಳಾದಾಗ ಸಾಮಾನ್ಯವಾಗಿ ಕೆಳದವಡೆಯ ಮುಂದೆ ಇವು ಮೊಳೆಯತೊಡಗಿ, ಎರಡೂವರೆ ಮೂರು ವರ್ಷಗಳ ಹೊತ್ತಿಗೆ ಒಟ್ಟು 20 ಆಗುತ್ತವೆ. ಎರಡನೆಯ ಬಾರಿ ಬರುವವು ಶಾಶ್ವತ ಹಲ್ಲುಗಳು, ಇವು 32.

ಇವುಗಳಲ್ಲಿ ನಾಲ್ಕು ಜಾತಿಗಳಿವೆ. ಮುಂದೆ ಇರುವ ಚಪ್ಪಟೆಯಾದ, ಉಳಿಯ ಅಲಗಿನಂತಹ 8 ಹಲ್ಲುಗಳು ಬಾಚಿಹಲ್ಲುಗಳು, ಇವು ಕತ್ತರಿಸುತ್ತವೆ. ಅವುಗಳ ಪಕ್ಕದ ಮೊನಚಾದ 4 ಕೋರೆಹಲ್ಲುಗಳು; ಇವು ಸೀಳುತ್ತವೆ. ಅವುಗಳ ಹಿಂದಿನ 8 ಮುಂದವಡೆ ಹಲ್ಲುಗಳು. ಕಟ್ಟಕಡೆಯಲ್ಲಿರುವ ಅಗಲವಾದ 12 ದವಡೆಹಲ್ಲುಗಳು. ಬೀಸುವ ಕಲ್ಲಿನಂತೆ ಅರೆಯುವುದು ಇವುಗಳ ಕೆಲಸ. ಕೊನೆಯ ನಾಲ್ಕು ದವಡೆಹಲ್ಲುಗಳು 17-18 ವರ್ಷಗಳ ನಂತರ ಬರುವುದರಿಂದ ಅವಕ್ಕೆ ಬುದ್ಧಿಹಲ್ಲುಗಳೆಂದು ಹೆಸರು. ದವಡೆಯಲ್ಲಿ ಸ್ಥಳ ಸಾಲದೆ ಅವು ಅಡ್ಡವಾಗಿ ಸಿಕ್ಕಿಕೊಳ್ಳುವುದುಂಟು. ಕೆಲವರಲ್ಲಿ ಬಾರದೆಯೇ ಇರುವುದೂ ಉಂಟು. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ.

ತಾಯಿತಂದೆಗಳು ತಪ್ಪದೆ ತಿಳಿಯತಕ್ಕ ಅಂಶವೊಂದಿದೆ. ಆರನೆಯ ವರ್ಷದಲ್ಲಿ, ಹಾಲುಹಲ್ಲುಗಳು ಬೀಳತೊಡಗುವ ಕಾಲಕ್ಕೆ, ಸಾಲಿನ ಕಟ್ಟಕಡೆಯಲ್ಲಿ ಮೇಲೆ ಎರಡು, ಕೆಳಗೆ ಎರಡು ಹೊಸ ದವಡೆಹಲ್ಲುಗಳು ಸದ್ದಿಲ್ಲದೆ ಮೊಳೆಯುತ್ತವೆ. ಇವು ಯಾವ ಹಾಲುಹಲ್ಲಿನ ಜಾಗದಲ್ಲೂ ಬರುವುದಿಲ್ಲ. ಆದ್ದರಿಂದ ಇವೂ ಹಾಲುಹಲ್ಲುಗಳೆಂದೇ ಬಗೆದು, ‘ಬಿದ್ದರೆ ಇನ್ನೊಂದು ಬಂದೀತು’ ಎಂದು ಅಲಕ್ಷಿಸುವರು. ಇವು ಶಾಶ್ವತ ಹಲ್ಲುಗಳು. ಒಮ್ಮೆ ಹೋದರೆ ಇನ್ನೊಂದು ಬಾರದು. ಇತರ ಹಲ್ಲುಗಳ ಜೋಡಣೆಗೆ ಆಧಾರವಾಗುವವೂ ಇವೇ.

ದಂತವೈದ್ಯರ ಚೀಟಿಯಲ್ಲಿ 36, 11 ಮುಂತಾದ ಅಂಕೆಗಳನ್ನು ಕಂಡು ಹಲವರು ಗಲಿಬಿಲಿಗೊಳ್ಳುವರು. 32 ಹಲ್ಲುಗಳಿರುವಾಗ 36ನೆಯದು ಎಲ್ಲಿಂದ ಬಂತೆಂದು ನನ್ನನ್ನು ಕೇಳಿದವರಿದ್ದಾರೆ. ಇದು 1970ರ ಸುಮಾರಿಗೆ ಅಂತಾರಾಷ್ಟ್ರೀಯವಾಗಿ ರೂಢಿಗೆ ಬಂದ ಕ್ರಮ. ಬಾಯಿಯನ್ನು ನಾಲ್ಕು ಪಾಲು ಮಾಡಿ, ರೋಗಿಯ ಮೇಲಿನ ಬಲಕ್ಕೆ 1, ಮೇಲಿನ ಎಡಕ್ಕೆ 2, ಕೆಳಗಿನ ಎಡಕ್ಕೆ 3, ಕೆಳಗಿನ ಬಲಕ್ಕೆ 4 ಎಂದು ಅಂಕೆ ಕೊಡುತ್ತಾರೆ. ಆಮೇಲೆ ಪ್ರತಿ ಪಾಲಿನಲ್ಲೂ ನಡುವಿನಿಂದ ಹಿಂದಕ್ಕೆ 1ರಿಂದ 8ರವರೆಗೆ ಹಲ್ಲುಗಳನ್ನು ಎಣಿಸುತ್ತಾರೆ. ಆದಕಾರಣ ಅದನ್ನು ಮೂವತ್ತಾರು ಎಂದು ಓದದೆ ‘ಮೂರು-ಆರು’ ಎಂದು ಓದಬೇಕು. ಕೆಳಗಿನ ಎಡಪಾಲಿನ ಆರನೆಯ ಹಲ್ಲು, ಅಂದರೆ ಮೇಲೆ ಹೇಳಿದ ಆರು ವರ್ಷದ ದವಡೆಹಲ್ಲು ಎಂದರ್ಥ. ಹಾಲುಹಲ್ಲುಗಳ ನಾಲ್ಕು ಪಾಲುಗಳಿಗೆ 5ರಿಂದ 8ರವರೆಗಿನ ಅಂಕೆಗಳಿವೆ. ಹಲ್ಲು ಕೀಳಿಸುವ ಮುನ್ನ ಚೀಟಿಯ ಅಂಕೆಯನ್ನೂ ನೋವಿರುವ ಹಲ್ಲನ್ನೂ ತಾಳೆ ನೋಡುವಷ್ಟು ತಿಳಿವಳಿಕೆ ರೋಗಿಗಿದ್ದರೆ ಒಳ್ಳೆಯದು.

ಒಂದು ಹಲ್ಲಿನ ರಚನೆ

ವಸಡಿನ ಮೇಲೆ ಕಾಣುವುದು ಹಲ್ಲಿನ ತಲೆ. ದವಡೆಯ ಎಲುಬಿನ ಕುಳಿಯೊಳಗೆ ಹುದುಗಿರುವುದು ಬೇರು. ಅವೆರಡೂ ಕೂಡುವ ಸ್ಥಳ ಕೊರಳು. ಬಾಚಿಹಲ್ಲಿಗೂ ಕೋರೆಹಲ್ಲಿಗೂ ಸಾಮಾನ್ಯವಾಗಿ ಒಂದೇ ಬೇರು. ಕೆಳಗಿನ ದವಡೆಹಲ್ಲುಗಳಿಗೆ ಎರಡು, ಮೇಲಿನವಕ್ಕೆ ಮೂರು.

ತಲೆಯ ಹೊರಹೊದಿಕೆ ಎನಾಮಲ್. ಮನುಷ್ಯದೇಹದಲ್ಲಿ ಇದರಷ್ಟು ಗಟ್ಟಿಯಾದ ಪದಾರ್ಥ ಮತ್ತೊಂದಿಲ್ಲ. ಇದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಆದರೆ ಇದರಲ್ಲಿ ಜೀವಕೋಶಗಳಿಲ್ಲ. ಮುರಿದ ಎಲುಬು ಕೂಡುತ್ತದೆ, ಕೊಯ್ದ ಚರ್ಮ ಮಾಯುತ್ತದೆ. ಒಡೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗಿನ ಪದರ ಡೆಂಟಿನ್. ಹಳದಿ ಬಣ್ಣದ್ದು, ಎನಾಮಲಿಗಿಂತ ಮೆದುವಾದುದು. ಇದರ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮನಾಳಗಳಿವೆ. ಎನಾಮಲ್ ಸವೆದು ಡೆಂಟಿನ್ ತೆರೆದಾಗ ತಣ್ಣೀರು ಕುಡಿದರೆ ‘ಜುಂ’ ಎನ್ನುವುದು ಈ ನಾಳಗಳ ಮೂಲಕ ನರಕ್ಕೆ ಸುದ್ದಿ ಮುಟ್ಟುವುದರಿಂದ. ಎಲ್ಲಕ್ಕಿಂತ ಒಳಗೆ ಇರುವುದು ತಿರುಳು. ರಕ್ತನಾಳ ಮತ್ತು ನರಗಳು ಬೇರಿನ ತುದಿಯಿಂದ ಒಳಬಂದು ಇಲ್ಲಿ ನೆಲೆಸಿವೆ. ಹಲ್ಲಿನ ಜೀವ ಇದೇ.

ಹಲ್ಲುನೋವು ಅಷ್ಟು ದಾರುಣವಾಗಿರುವುದೇಕೆ? ಮೈಯ ಬೇರೆ ಕಡೆ ಬಾವು ಬಂದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ತಿರುಳಾದರೋ ಕಲ್ಲಿನ ಕೋಣೆಯೊಳಗಿದೆ. ಅಲ್ಲಿ ಬಾವು ಬಂದಾಗ ಹಿಗ್ಗಲು ಎಡೆಯಿಲ್ಲದೆ ಒತ್ತಡವೆಲ್ಲ ನರದ ಮೇಲೆಯೇ ಬೀಳುತ್ತದೆ. ಕೆಲವು ದಿನ ನರಳಿದ ಮೇಲೆ ನೋವು ತಾನಾಗಿ ನಿಂತರೆ ಗುಣವಾಯಿತೆಂದು ಸಂತೋಷಪಡಲಾಗದು. ತಿರುಳು ಸತ್ತುಹೋಗಿರುವ ಸಂಭವವೇ ಹೆಚ್ಚು. ಆಮೇಲೆ ಕೀವು ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತದೆ.

ಹುಳುಕು ಮತ್ತು ಹುಳು

‘ಹಲ್ಲಿಗೆ ಹುಳ ಹಿಡಿದಿದೆ’ ಎನ್ನುವುದು ನಮ್ಮ ವಾಡಿಕೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ಬಾಯಿಗೆ ಹಿಡಿದು ಹುಳು ಬೀಳಿಸುವ ಪದ್ಧತಿಯೂ ಇತ್ತು. ಹಲ್ಲಿನಲ್ಲಿ ಹುಳುವಿದೆಯೆಂಬ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಪ್ರಾಚೀನ ಜಗತ್ತಿನ ಬಹುಭಾಗದಲ್ಲಿತ್ತು. ಫ್ರಾನ್ಸ್ ದೇಶದ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯಗ್ರಂಥದಲ್ಲಿ, ಹುಳುಕಿಗೆ ಹುಳು ಕಾರಣವೆಂಬುದನ್ನು ಒಪ್ಪಲಿಲ್ಲ. 1890ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ ನಿಜವಾದ ಕಾರಣವನ್ನು ವಿವರಿಸಿದನು.

ಹಲ್ಲಿನ ಮೇಲೆ ಸದಾ ಕಟ್ಟಿಕೊಳ್ಳುವ ಅಂಟಾದ ಪೊರೆಗೆ ಪ್ಲಾಕ್ ಎಂದು ಹೆಸರು. ಅದರಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಬೆಲ್ಲಗಳನ್ನು ತಿಂದು ಆಮ್ಲವನ್ನು ವಿಸರ್ಜಿಸುತ್ತವೆ. ಆ ಆಮ್ಲವು ಎನಾಮಲಿನ ಖನಿಜವನ್ನು ಕರಗಿಸುತ್ತದೆ. ಒಮ್ಮೆ ಸಿಹಿ ತಿಂದ ಮೇಲೆ ಜೊಲ್ಲು ಬಾಯಿಯನ್ನು ಮೊದಲಿನ ಸ್ಥಿತಿಗೆ ತರಲು ಅರ್ಧದಿಂದ ಒಂದು ಗಂಟೆ ಬೇಕು. ಆದ್ದರಿಂದ ಊಟದೊಡನೆ ಒಮ್ಮೆ ಪಾಯಸ ಉಣ್ಣುವುದಕ್ಕಿಂತ, ದಿನವಿಡೀ ಗಂಟೆಗೊಮ್ಮೆ ಸಕ್ಕರೆ ಚಹಾ ಕುಡಿಯುವುದೂ ಮಕ್ಕಳು ಚಾಕಲೇಟು ಚೀಪುತ್ತಿರುವುದೂ ಹೆಚ್ಚು ಹಾನಿಕರ. ಎಷ್ಟು ತಿಂದೆವೆಂಬುದಕ್ಕಿಂತ ಎಷ್ಟು ಬಾರಿ ತಿಂದೆವೆಂಬುದು ಇಲ್ಲಿ ಮುಖ್ಯ.

ಹಲ್ಲಿನ ಮೇಲಿನ ಕಲೆಗಳೆಲ್ಲವೂ ಹುಳುಕೂ ಅಲ್ಲ, ಕೊಳೆಯೂ ಅಲ್ಲ. ಈಗಿನ ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿ ಕೆಲಕಾಲ ಉಪಾಧ್ಯಾಯನಾಗಿದ್ದಾಗ, ಕಂದುಬಣ್ಣದ ಹಲ್ಲಿನ ಮಕ್ಕಳನ್ನು ‘ಹಲ್ಲುಜ್ಜದೆ ಬಂದಿರಾ?’ ಎಂದು ಗದರಿಸಿದ್ದೇನೆ. ಅದು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದರ ಪರಿಣಾಮವೆಂದು ತಿಳಿದದ್ದು ಅನಂತರ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಎನಾಮಲ್ ರೂಪುಗೊಳ್ಳುವ ಎಳವೆಯಲ್ಲಿ ಆ ಮಿತಿ ಮೀರಿದ ನೀರು ಕುಡಿದರೆ ಕಲೆಯು ಎನಾಮಲಿನೊಳಗೇ ಸೇರಿಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗದು. ಆದರೆ ಅಲ್ಪಪ್ರಮಾಣದ ಫ್ಲೋರೈಡ್ ಎನಾಮಲನ್ನು ಗಟ್ಟಿಗೊಳಿಸುತ್ತದೆ. ಹಲ್ಲುಜ್ಜುವ ಪೇಸ್ಟಿನಲ್ಲಿ ಅದನ್ನು ಸೇರಿಸುವುದು ಆ ಕಾರಣಕ್ಕೆ. ಆ ಮಕ್ಕಳಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ದೊರೆಯಲಿಲ್ಲ.

ವಸಡು

ಹಲ್ಲಿನ ಕೊರಳನ್ನು ಅಪ್ಪಿಕೊಂಡಿರುವ ಮಾಂಸವೇ ವಸಡು. ಒಸಡು ಎಂದೂ ಹೇಳುವರು. ಹಲ್ಲಿನ ಬೇರು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಅಸಂಖ್ಯ ಸೂಕ್ಷ್ಮತಂತುಗಳು ಅದನ್ನು ಜೋಲಿಯಂತೆ ಹಿಡಿದಿವೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿದೊಡನೆ ನಮಗೆ ತಿಳಿಯುವುದು ಈ ತಂತುಗಳ ಸಂವೇದನೆಯಿಂದ.

ತೆಗೆಯದೆ ಬಿಟ್ಟ ಪ್ಲಾಕ್ ಜೊಲ್ಲಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ಗಟ್ಟಿಯಾಗುತ್ತದೆ. ಇದನ್ನೇ ಜನರು ಹಲ್ಲಿನ ಪಾಚಿ ಎನ್ನುವರು. ಕೆಳಗಿನ ಬಾಚಿಹಲ್ಲುಗಳ ಹಿಂಬದಿಯಲ್ಲಿ ಇದು ಹೆಚ್ಚಾಗಿ ಕಟ್ಟುವುದಕ್ಕೆ ಕಾರಣ, ನಾಲಿಗೆಯ ಅಡಿಯ ಲಾಲಾನಾಳಗಳು ಅಲ್ಲಿಯೇ ತೆರೆದುಕೊಳ್ಳುವುದು. ಪಾಚಿಯಿಂದ ವಸಡು ಕೆಂಪಾಗಿ ಊದಿ, ಉಜ್ಜುವಾಗ ರಕ್ತ ಬರುತ್ತದೆ. ರಕ್ತಕ್ಕೆ ಹೆದರಿ ಉಜ್ಜುವುದನ್ನೇ ನಿಲ್ಲಿಸುವವರಿದ್ದಾರೆ. ಅದರಿಂದ ರೋಗ ಹೆಚ್ಚುತ್ತದೆ. ಅಲಕ್ಷಿಸಿದರೆ ಬೇರಿನ ಸುತ್ತಲಿನ ಎಲುಬು ಕರಗಿ, ಒಂದಿಷ್ಟೂ ಹುಳುಕಿಲ್ಲದ ಹಲ್ಲುಗಳು ಕೂಡ ಅಲುಗಾಡಿ ಬೀಳುತ್ತವೆ. ಸಕ್ಕರೆಕಾಯಿಲೆ ಇರುವವರಲ್ಲಿ ಈ ಬಾಧೆ ಹೆಚ್ಚು. ಉಪ್ಪು, ಇದ್ದಿಲು, ಇಟ್ಟಿಗೆಪುಡಿಗಳಿಂದ ಒರಟಾಗಿ ತಿಕ್ಕಿದರೆ ಎನಾಮಲೂ ವಸಡೂ ಸವೆಯುತ್ತವೆ. ಮೆದುವಾದ ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿ, ಅದರಲ್ಲಿಯೂ ರಾತ್ರಿ ಮಲಗುವ ಮುನ್ನ, ಹಗುರವಾಗಿ ಉಜ್ಜಬೇಕು.

ಕವಳದ ಮಾತು

ಹೊನ್ನಾವರದ ಸೀಮೆ ವೀಳ್ಯದೆಲೆಗೆ ಹೆಸರಾದುದು. ಘಟ್ಟದ ಮೇಲಿನ ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎಲೆಯಡಿಕೆ ನಮ್ಮಲ್ಲಿ ಆತಿಥ್ಯದ ಚಿಹ್ನೆ. ಅನೇಕ ಕುಟುಂಬಗಳ ಜೀವನಾಧಾರ. ಇದನ್ನೆಲ್ಲ ಅರಿತೇ ಮುಂದಿನ ಮಾತನ್ನು ಹೇಳುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅರ್ಬುದ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಸೇರಿದ ಕವಳವನ್ನಷ್ಟೇ ಅಲ್ಲದೆ, ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯರಿಗೆ ಅರ್ಬುದಕಾರಕವೆಂದು ವರ್ಗೀಕರಿಸಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು.

ಅಡಿಕೆಯನ್ನು ಬಹುಕಾಲ ಅಗಿಯುವವರ ಕೆನ್ನೆಯ ಒಳಮೈ ಬಿಳಿಚಿ, ನಾರುನಾರಾಗಿ ಬಿಗಿದುಕೊಳ್ಳುವ ರೋಗವೊಂದುಂಟು. ಖಾರ ತಾಗಿದರೆ ಉರಿ, ಆಮೇಲೆ ಬಾಯಿ ತೆರೆಯಲು ಕಷ್ಟ, ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ನಮ್ಮದೇ ಕೈಯ ಮೂರು ಬೆರಳುಗಳು ಒಂದರ ಮೇಲೊಂದಾಗಿ ಬಾಚಿಹಲ್ಲುಗಳ ನಡುವೆ ಹಿಡಿಸಬೇಕು, ಹಿಡಿಸದಿದ್ದರೆ ತೋರಿಸಿಕೊಳ್ಳಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕೈಗೆ ಗಡುಸಾಗಿ ಸಿಗುವ ಗಂಟು, ಇವು ನೋಯದಿದ್ದರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಮೊದಲಲ್ಲಿ ನೋವಿಲ್ಲದಿರುವುದೇ ಈ ರೋಗದ ಮೋಸ.

ವೈದ್ಯರ ಮಾತಿನ ಅರ್ಥ

ಚಿಕಿತ್ಸೆಯ ಕೆಲವು ಹೆಸರುಗಳನ್ನು ತಿಳಿದಿರುವುದು ಉಪಯುಕ್ತ. ಹುಳುಕನ್ನು ಕೆರೆದು ತೆಗೆದು ಗುಂಡಿಯನ್ನು ಮುಚ್ಚುವುದು ಫಿಲ್ಲಿಂಗ್. ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳವನ್ನು ಶುಚಿಮಾಡಿ ತುಂಬುವುದು ರೂಟ್ ಕೆನಾಲ್. ಇದರಲ್ಲಿ ಹಲ್ಲು ಉಳಿಯುತ್ತದೆ. ಅದರ ಮೇಲೆ ತೊಡಿಸುವ ಟೊಪ್ಪಿಗೆ ಕ್ಯಾಪ್. ಪಾಚಿ ತೆಗೆಯುವುದು ಸ್ಕೇಲಿಂಗ್. ಇದರಿಂದ ಹಲ್ಲು ಸಡಿಲವಾಗುವುದೆಂಬ ಭಯ ನಿರಾಧಾರ. ಪಾಚಿಯ ಆಸರೆಯಲ್ಲಿ ನಿಂತಿದ್ದ ಹಲ್ಲಿನ ನಿಜಸ್ಥಿತಿ ಆಗ ಗೋಚರಿಸುತ್ತದೆ, ಅಷ್ಟೆ. ಮೇಲಿನ ಹಲ್ಲು ಕಿತ್ತರೆ ದೃಷ್ಟಿ ಹೋಗುವುದೆಂಬುದೂ ಸುಳ್ಳು. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ.

ನಮ್ಮ ಜಿಲ್ಲೆಯವರು ಹೆಚ್ಚಿನ ಚಿಕಿತ್ಸೆಗಾಗಿ 1965ರಲ್ಲಿ ಸ್ಥಾಪಿತವಾದ ಮಣಿಪಾಲದ ದಂತವೈದ್ಯ ಕಾಲೇಜಿಗೋ 1986ರಲ್ಲಿ ಆರಂಭವಾದ ಧಾರವಾಡದ ಎಸ್.ಡಿ.ಎಂ. ದಂತವೈದ್ಯ ಕಾಲೇಜಿಗೋ ಹೋಗುವುದುಂಟು. ಎಲ್ಲಿಗೆ ಹೋದರೂ ರೋಗಿ ತನ್ನ ಬಾಧೆಯ ಸ್ಥಾನವನ್ನು ತಾನೇ ಹೇಳಬೇಕು.

ಹನ್ನೆರಡನೆಯ ಶತಮಾನದ ಶರಣರು ಗಹನವಾದ ವಿಷಯಗಳನ್ನು ಜನರ ಆಡುಮಾತಿನಲ್ಲಿ ಹೇಳಿದರು. ಹಾಗಿರುವಾಗ ಹಲ್ಲು, ವಸಡುಗಳ ಸಂಗತಿಯನ್ನು ಕನ್ನಡದಲ್ಲಿ ಹೇಳಲಾಗದೆಂಬುದು ಒಪ್ಪತಕ್ಕ ಮಾತಲ್ಲ. ಬಾಚಿ, ಕೋರೆ, ದವಡೆ, ಅಂಗುಳ, ಕಿರುನಾಲಿಗೆ, ತಿರುಳು, ಬೇರು ಎಂಬ ಪದಗಳು ನಮ್ಮ ಅಜ್ಜಿಯರ ಬಾಯಲ್ಲಿಯೇ ಇದ್ದವು. ಎನಾಮಲ್, ಪ್ಲಾಕ್ ಮುಂತಾಗಿ ಹೊಸತಾಗಿ ಬೇಕಾದ ಕೆಲವನ್ನು ಇದ್ದಂತೆಯೇ ಸ್ವೀಕರಿಸಿದರಾಯಿತು.

ವಾಚಕರಲ್ಲಿ ನನ್ನ ಅರಿಕೆ ಇಷ್ಟೆ. ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು, ಮನೆಯ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಯಿ ತೆರೆಯಿರಿ. ತುಟಿಯನ್ನು ಮಡಚಿ, ಕೆನ್ನೆಯನ್ನು ಬೆರಳಿನಿಂದ ಸರಿಸಿ ಆ ಸಂದನ್ನು ನೋಡಿರಿ. ನಾಲಿಗೆಯ ಎರಡು ಪಕ್ಕ, ಅದರ ಅಡಿ, ಅಂಗುಳ ಇವುಗಳನ್ನು ನೋಡಿರಿ. ಒಂದೊಂದರ ಹೆಸರನ್ನೂ ಮಕ್ಕಳಿಂದ ಹೇಳಿಸಿರಿ. ಎರಡು ನಿಮಿಷದ ಈ ಪಾಠವನ್ನು ನಮ್ಮ ನೆರೆಯ ಹಿರಿಯರು ಈಗ ತಮ್ಮ ಮೊಮ್ಮಕ್ಕಳಿಗೆ ಮಾಡಿಸುತ್ತಿದ್ದಾರೆ. ಅವರ ಉಚ್ಚಾರ ಸ್ಪಷ್ಟವಾಗಿಲ್ಲ, ಮಕ್ಕಳಿಗೆ ಅರ್ಥವಾಗುತ್ತದೆ.